‘ಅಲ್ಲಿ ಅಂಥದ್ದು ಏನಿದೆ ಅಂತ ಹೋಗ್ತೀರಿ?’

ಮದುವೆ ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ ಪಕ್ಕ ಕೂತವರು, ಯಾರೇ ಆಗಲಿ, ನಾನು ಹಿಮಾಲಯ ಹತ್ತುತ್ತೇನೆ ಅಂತ ಗೊತ್ತಾದ ಕೂಡಲೇ ಇದನ್ನೇ ಕೇಳುತ್ತಾರೆ. ‘ಅಷ್ಟೊಂದು ಜನ ಸಾಯ್ತಾರಲ್ಲ, ಅಲ್ಲಿ ಅಂಥದ್ದು ಏನಿದೆ?’ 2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್‌ಗೆ ಕರ್ನಾಟಕದಿಂದ ಚಾರಣ ಹೋಗಿದ್ದ ತಂಡದ 9 ಮಂದಿ ಹಿಮಗಾಳಿಗೆ ಸಿಕ್ಕಿ ತೀರಿಕೊಂಡರು. ಆಮೇಲೆ ಕೇಳುವವರು ಇನ್ನೂ ಜಾಸ್ತಿಯಾಗಿದ್ದಾರೆ. ಅವರ ದನಿಯಲ್ಲಿರುವ ಭಯ ಸುಳ್ಳಲ್ಲ. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ನಾನು ಚಿಕ್ಕಮಗಳೂರಿನವಳು. ಮುಳ್ಳಯ್ಯನಗಿರಿ ನೋಡಿಕೊಂಡೇ ಬೆಳೆದವಳು. ನಮ್ಮ ರಾಜ್ಯದಲ್ಲಿ ಅದಕ್ಕಿಂತ ಎತ್ತರದ ಬೆಟ್ಟವಿಲ್ಲ, ಸುಮಾರು 1,930 ಮೀಟರ್. ಲೇಹ್‌ನಲ್ಲಿ ವಿಮಾನ ಇಳಿದರೆ ನಾವು ನಿಂತಿರುವ ನೆಲವೇ 3,000 ಮೀಟರ್ ದಾಟಿರುತ್ತದೆ. ಮೊದಲ ಸಲ ಹೋದಾಗ ಹೋಟೆಲಿನ ಎರಡು ಮಹಡಿ ಮೆಟ್ಟಿಲು ಹತ್ತಿ ಕೂತುಬಿಟ್ಟಿದ್ದೆ.

ಮೇಲೆ ಆಮ್ಲಜನಕದ ಪಾಲು ಕಡಿಮೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ಪಾಲು ಎಲ್ಲ ಕಡೆ ಒಂದೇ, ಶೇ 21. ಆದರೆ ಮೇಲೆ ಹೋದಂತೆ ಗಾಳಿಯ ಒತ್ತಡ ಇಳಿಯುತ್ತದೆ. ಹಾಗಾಗಿ ಒಂದು ಉಸಿರಿಗೆ ಸಿಗುವುದೇ ಕಡಿಮೆ. 5,500 ಮೀಟರ್‌ನಲ್ಲಿ ಒತ್ತಡ ಸಮುದ್ರಮಟ್ಟದ ಅರ್ಧ, ಎವರೆಸ್ಟ್ ತುದಿಯಲ್ಲಿ ಮೂರನೇ ಒಂದು ಭಾಗ. ದೇಹ ಇದಕ್ಕೆ ನಿಧಾನವಾಗಿ ಹೊಂದಿಕೊಳ್ಳುತ್ತದೆ. ಅವಸರ ಮಾಡಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಕೂತಲ್ಲೇ ಏದುಸಿರು ಬರುತ್ತದೆ. ಅಥವಾ ಮಿದುಳು ಊದಿಕೊಳ್ಳಬಹುದು, ಆಗ ಮನುಷ್ಯ ಕುಡಿದವನ ಹಾಗೆ ತೂರಾಡುತ್ತಾನೆ. ದಿನಾ ಹತ್ತು ಕಿಲೋಮೀಟರ್ ಓಡುವವರಿಗೂ ಇದು ತಪ್ಪಿದ್ದಲ್ಲ. ಔಷಧಿ ಒಂದಷ್ಟು ಹೊತ್ತು ತಡೆಯುತ್ತದೆ. ಉಳಿಸುವುದು ಮಾತ್ರ ಕೆಳಗೆ ಇಳಿಯುವುದೇ.

ನನಗೆ ಇದಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದಿದೆ. ಇಳಿಯಬೇಕು ಅಂತ ಹೇಳಬೇಕಾದ ಬುದ್ಧಿಯೇ ಅಲ್ಲಿ ಮಂಕಾಗುತ್ತದೆ.

ಲಡಾಖ್‌ನ ಕಾಂಗ್ ಯಾತ್ಸೆ-2 ಹತ್ತಲು ಹೋಗಿದ್ದೆ. 6,250 ಮೀಟರ್. ಬೇಸ್ ಕ್ಯಾಂಪ್ 5,100ರ ಹತ್ತಿರ. ಅಲ್ಲಿ ನೀರು ಬೇಗ ಕುದಿಯುತ್ತದೆ, ಆದರೆ ಬಿಸಿ ಸಾಲದು. ಕುಕ್ಕರ್ ಇಲ್ಲದೆ ಬೇಳೆ ಬೇಯುವುದೇ ಇಲ್ಲ. ರಾತ್ರಿ ಹನ್ನೆರಡಕ್ಕೆ ಹೊರಟೆವು. ಒಂದೇ ಹಗ್ಗಕ್ಕೆ ಮೂವರು: ಮುಂದೆ ಲಡಾಖಿ ಗೈಡ್, ನಡುವೆ ನಾನು, ಹಿಂದೆ ನನ್ನ ಗೆಳೆಯ. ಹಿಮ ಶುರುವಾದ ಕಡೆ ಬೂಟಿಗೆ ಕ್ರ್ಯಾಂಪನ್ ಅನ್ನುವ ಮುಳ್ಳಿನ ಪಟ್ಟಿ ಕಟ್ಟಿದೆವು. ಆಮೇಲೆ ಹತ್ತು ಹೆಜ್ಜೆ, ನಿಲ್ಲು. ಹತ್ತು ಹೆಜ್ಜೆ, ನಿಲ್ಲು.

ಜನ ಕೇಳುತ್ತಾರಲ್ಲ, ಏನಿದೆ ಅಂತ, ಅದು ನನಗೆ ಸಿಗುವುದು ಇಲ್ಲೇ. ತಲೆದೀಪದ ಬೆಳಕು ಬೀಳುವಷ್ಟೇ ಲೋಕ. ಮುಳ್ಳು ಹಿಮಕ್ಕೆ ಕಚ್ಚುವ ಕರ್ ಕರ್ ಸದ್ದು. ಊರಿನಲ್ಲಿ ನನ್ನ ಮನಸ್ಸು ಒಂದು ಗಳಿಗೆ ಒಂದು ಕಡೆ ಕೂರುವುದಿಲ್ಲ. ಮನೆ ಸಾಲ, ಅಪ್ಪನ ಮಂಡಿನೋವು, ಫೋನು. ಅಲ್ಲಿ ಉಸಿರು ಎಳೆಯುವುದೇ ಪೂರ್ತಿ ಕೆಲಸ. ನಿಂತು ತಲೆ ಎತ್ತಿದರೆ, ನಕ್ಷತ್ರಗಳು ಬೆಟ್ಟದ ಅಂಚಿನವರೆಗೂ ಇಳಿದಿರುತ್ತವೆ. ಬೆಳಗಾಗುವಾಗ ದೂರದ ಕಾರಾಕೋರಂ ಸಾಲು ಮೊದಲು ಬೂದಿ ಬಣ್ಣ, ಆಮೇಲೆ ಕೆಂಪು. ಅವತ್ತು ನಾನು ಸುಮ್ನೆ ಅತ್ತೆ. ದುಃಖ ಏನೂ ಇರಲಿಲ್ಲ.

5,900 ದಾಟಿರಬೇಕು. ಗೆಳೆಯ ‘ನನ್ನ ಗ್ಲೌಸ್ ಎಲ್ಲಿ’ ಅಂದ. ಅದು ಅವನ ಕೈಯಲ್ಲೇ ಇತ್ತು. ಎರಡನೇ ಸಲವೂ ಕೇಳಿದ. ಗೈಡ್ ಅವನ ಕಣ್ಣು ನೋಡಿದ, ನಡೆಸಿ ನೋಡಿದ, ‘ಇವತ್ತಿಗೆ ಇಷ್ಟೇ’ ಅಂದ. ತುದಿ ಎದುರಿಗೇ ಕಾಣುತ್ತಿತ್ತು. ‘ಹತ್ತು ಗಂಟೆವರೆಗೂ ಟೈಮ್ ಇದೆಯಲ್ಲ’ ಅಂತ ವಾದ ಮಾಡಲು ನಾನು ಗಡಿಯಾರ ನೋಡಿದೆ. ಏಳಾಗಿತ್ತು. ಹತ್ತರಲ್ಲಿ ಏಳು ಕಳೆದರೆ ಎಷ್ಟು? ನನಗೆ ಹೊಳೆಯಲಿಲ್ಲ. ಎಷ್ಟು ಹೊತ್ತು ನಿಂತರೂ ಹೊಳೆಯಲಿಲ್ಲ. ಅವನಿಗೆ ಹುಷಾರಿಲ್ಲ, ನಾನು ಸರಿಯಾಗಿದ್ದೇನೆ ಅಂದುಕೊಂಡಿದ್ದೆ. ಇಬ್ಬರೂ ಇಳಿದೆವು. ಸಂಜೆ ಹೊತ್ತಿಗೆ ಅವನು ನೆಟ್ಟಗೆ ಮಾತಾಡುತ್ತಿದ್ದ.

1996ರ ಮೇ 10ರಂದು ಎವರೆಸ್ಟ್‌ನಲ್ಲಿ ಆದದ್ದು ಅವತ್ತಿನಿಂದ ನನಗೆ ಬೇರೆ ಥರ ಕಾಣುತ್ತದೆ. ಮಧ್ಯಾಹ್ನ ಎರಡರ ಹೊತ್ತಿಗೆ ತಿರುಗಿಬಿಡಬೇಕು ಅನ್ನುವುದು ಅಲ್ಲಿದ್ದವರಿಗೆ ಗೊತ್ತಿತ್ತು. ಆದರೂ ಕೆಲವರು ಎರಡು ದಾಟಿದ ಮೇಲೂ ಹತ್ತುತ್ತಲೇ ಇದ್ದರು. ಬಿರುಗಾಳಿ ಬಂತು, 8 ಜನ ಹೋದರು. ಅವರಲ್ಲಿ ಉತ್ತರದ ಕಡೆಯಿಂದ ಹತ್ತಿದ್ದ ನಮ್ಮ ಇಂಡೋ-ಟಿಬೆಟನ್ ಗಡಿ ಪೊಲೀಸ್ ಪಡೆಯ ಮೂವರೂ ಇದ್ದರು. ‘ಅಷ್ಟೂ ಗೊತ್ತಾಗಲಿಲ್ವಾ’ ಅಂತ ನಾನೂ ಹಿಂದೆ ಕೇಳಿದ್ದೆ. ಈಗ ಕೇಳುವುದಿಲ್ಲ.

ಸರಿಯಾಗಿ ತಿರುಗಿದರೆ ಎಲ್ಲರೂ ಉಳಿಯುತ್ತಾರೆ ಅಂತಲೂ ನಾನು ಹೇಳಲಾರೆ. 2022ರ ಅಕ್ಟೋಬರ್ 4ರಂದು ಉತ್ತರಕಾಶಿಯ ದ್ರೌಪದಿ ಕಾ ಡಾಂಡಾ-2 ಶಿಖರದಲ್ಲಿ ಹಿಮಕುಸಿತ ತರಬೇತಿಯ ತಂಡವನ್ನೇ ಹೊತ್ತೊಯ್ದಿತು. ಅದೇ ವರ್ಷ ಮೇ ತಿಂಗಳಲ್ಲಿ 16 ದಿನದೊಳಗೆ ಎವರೆಸ್ಟ್, ಮಕಾಲು ಎರಡನ್ನೂ ಹತ್ತಿದ್ದ ಸವಿತಾ ಕಂಸ್ವಾಲ್ ಅಲ್ಲಿ ಶಿಕ್ಷಕಿಯಾಗಿದ್ದರು. ಅವರೂ ಉಳಿಯಲಿಲ್ಲ. ಹಿಮಕ್ಕೆ ಅನುಭವದ ಲೆಕ್ಕ ಇಲ್ಲ. 2014ರ ಏಪ್ರಿಲ್ 18ರಂದು ಎವರೆಸ್ಟ್‌ನ ಖುಂಬು ಹಿಮನದಿಯ ಬಿರುಕು ಬಿಟ್ಟ ಇಳಿಜಾರಿನಲ್ಲಿ ಹಿಮಕುಸಿತಕ್ಕೆ ಸಿಕ್ಕಿ ಸತ್ತ 16 ಮಂದಿಯೂ ನೇಪಾಳದ ಕೆಲಸಗಾರರು. ಬೇರೆಯವರ ಆಸೆಗೆ ಸಾಮಾನು ಹೊರುತ್ತಿದ್ದವರು. ನನ್ನ ಸಾವಿನ ಭಯಕ್ಕೆ ನನ್ನಲ್ಲಿ ಒಂದು ಉತ್ತರ ಇದೆ. ಇದಕ್ಕೆ ಇಲ್ಲ. ನಮ್ಮ ಟೆಂಟು ಹೊತ್ತು ತರುವವರ ವಿಮೆ, ಬೂಟು, ಸಂಬಳ ವಿಚಾರಿಸದೆ ಈಗ ನಾನು ಯಾವ ತಂಡಕ್ಕೂ ಸೇರುವುದಿಲ್ಲ. ಅಷ್ಟು ಸಾಲದು ಅಂತ ನನಗೂ ಗೊತ್ತು.

ಆದರೂ ಯಾಕೆ ಹೋಗುತ್ತೇನೆ ಅಂದರೆ, ಮನಸ್ಸನ್ನು ಒಂದೇ ಹೆಜ್ಜೆಯಲ್ಲಿ ನಿಲ್ಲಿಸುವ ಆ ತೆಳು ಗಾಳಿ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಬುದ್ಧಿ ಕದಿಯುವುದೂ ಅದೇ ಗಾಳಿ. ಒಂದು ಬೇಕು, ಇನ್ನೊಂದು ಬೇಡ ಅನ್ನುವ ಹಾಗಿಲ್ಲ. ಹಾಗಾಗಿ ಮೇಲೆ ಮಾಡಬೇಕಾದ ತೀರ್ಮಾನವನ್ನು ಕೆಳಗೆ, ಊಟ ಮಾಡಿ ನಿದ್ದೆ ಮಾಡಿದ ತಲೆಯಲ್ಲಿ ಮಾಡಿಡುತ್ತೇನೆ. ಇಷ್ಟು ಗಂಟೆಗೆ, ಎಲ್ಲೇ ಇರಲಿ, ತಿರುಗುವುದು. ಗೈಡ್‌ಗೆ ಹೇಳುತ್ತೇನೆ. ಹೊರಡುವ ಮುಂಚೆ ಅಮ್ಮನಿಗೂ ಹೇಳುತ್ತೇನೆ.

ಅಮ್ಮ ಅದನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕ ಬರೆದುಕೊಳ್ಳುತ್ತಾಳೆ. ಆ ದಿನ ಹತ್ತು ಹೊಡೆದ ಕೂಡಲೇ ಅಪ್ಪನಿಗೆ ಹೇಳುತ್ತಾಳಂತೆ, ‘ಈಗ ಇಳೀತಾ ಇರ್ತಾಳೆ.’