ಸೂರ್ಯನಿಗೆ ಬೆನ್ನು ಮಾಡಿ: ಕವಾಯಿ ದ್ವೀಪದ ನಾ ಪಾಲಿ ತೀರದಲ್ಲೊಂದು ಸಂಜೆಯ ದೋಣಿಯಾನ

ಹವಾಯಿ ದ್ವೀಪಸಮೂಹದ ಕವಾಯಿಗೆ ಹೋದವರೆಲ್ಲ ನಾ ಪಾಲಿ ತೀರವನ್ನು ನೋಡಬೇಕೆಂದೇ ಹೋಗುತ್ತಾರೆ, ಆದರೆ ಅದನ್ನು ಕಾರಿನಲ್ಲಿ ಕುಳಿತು ನೋಡಿ ಬರಲು ಯಾರಿಂದಲೂ ಆಗದು. ದ್ವೀಪದ ವಾಯವ್ಯ ಅಂಚಿನಲ್ಲಿ ಸುಮಾರು 27 ಕಿಲೋಮೀಟರ್ ಉದ್ದಕ್ಕೆ ಕಡಲಿನಿಂದ ನೆಟ್ಟಗೆ ಎದ್ದಿರುವ, ಕೆಲವೆಡೆ 1,200 ಮೀಟರ್ ಎತ್ತರ ಮುಟ್ಟುವ ಈ ಬಂಡೆಗೋಡೆಗಳು ರಸ್ತೆಗೆ ಜಾಗವನ್ನೇ ಬಿಟ್ಟಿಲ್ಲ; ಉತ್ತರದಿಂದ ಬರುವ ರಸ್ತೆ ಕೆಯೆ ಕಡಲತೀರದಲ್ಲಿ ನಿಂತುಬಿಡುತ್ತದೆ, ಪಶ್ಚಿಮದಿಂದ ಬರುವುದು ಪೊಲಿಹಲೆಯ ಮರಳಿನಲ್ಲಿ ಮುಗಿಯುತ್ತದೆ. ನಡುವಿನ ಭಾಗಕ್ಕೆ ಇರುವುದು ಕಾಲುದಾರಿ, ಹೆಲಿಕಾಪ್ಟರ್ ಮತ್ತು ದೋಣಿ. ಕಾಲುದಾರಿಯಲ್ಲಿ ಕಲಲಾವು ಕಣಿವೆಗೆ ಹೋಗುವುದಕ್ಕೇ 18 ಕಿಲೋಮೀಟರ್ ನಡೆಯಬೇಕು. ಅರವತ್ತೆಂಟು ವರ್ಷದ ಅಮ್ಮನನ್ನೂ ಒಂಬತ್ತು ವರ್ಷದ ಮಗನನ್ನೂ ಕರೆದುಕೊಂಡು ಹೋಗಿದ್ದ ನಮಗೆ ದೋಣಿಯೇ ಸರಿಯೆನಿಸಿತು. ಜೂನ್ ಕೊನೆಯ ವಾರದ ಒಂದು ಸಂಜೆ ಕೈಗೊಂಡ ಆ ಯಾನದ ಬಗ್ಗೆ, ಹೊರಡುವ ಮೊದಲೇ ಗೊತ್ತಿದ್ದರೆ ಚೆನ್ನಾಗಿತ್ತು ಎನಿಸಿದ ಸಂಗತಿಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದಾಗಿ, ಸೂರ್ಯಾಸ್ತದ ಯಾನ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುತ್ತದೆ. ಸೂರ್ಯ ಕಡಲಿಗೆ ಇಳಿಯುವುದನ್ನು ದ್ವೀಪದ ಪಶ್ಚಿಮದ ಯಾವ ಮರಳ ದಂಡೆಯಲ್ಲಿ ಕುಳಿತರೂ ಕಾಸು ಕೊಡದೆ ನೋಡಬಹುದು. ಸಂಜೆಯ ದೋಣಿಗೆ ಹಣ ಕೊಡಬೇಕಾದದ್ದು ಸೂರ್ಯನಿಗೆ ಬೆನ್ನು ಮಾಡಿ ನಿಂತಾಗ ಎದುರಿಗೆ ಕಾಣುವುದಕ್ಕಾಗಿ. ನಾ ಪಾಲಿ ವಾಯವ್ಯಕ್ಕೆ ಮುಖ ಮಾಡಿರುವುದರಿಂದ ಬೆಳಗಿನ ಹೊತ್ತು ಆ ಗೋಡೆಗಳು ತಮ್ಮದೇ ನೆರಳಿನಲ್ಲಿ ಮಂಕಾಗಿರುತ್ತವೆ, ಮಧ್ಯಾಹ್ನ ಕಳೆದ ಮೇಲೆ ಬಿಸಿಲು ಒಳಗಿನ ಕಮರಿಗಳವರೆಗೂ ಹರಿಯತೊಡಗುತ್ತದೆ. ಇದರಲ್ಲಿಯೂ ಋತುವಿನ ಲೆಕ್ಕವೊಂದಿದೆ. ಜೂನ್ ತಿಂಗಳಲ್ಲಿ ಸೂರ್ಯ ನೇರ ಪಶ್ಚಿಮಕ್ಕಿಂತ ಸಾಕಷ್ಟು ಉತ್ತರಕ್ಕೆ ಸರಿದು ಮುಳುಗುವುದರಿಂದ ಸಂಜೆಯ ಬೆಳಕು ಬಂಡೆಗಳ ಮುಖಕ್ಕೆ ಹೆಚ್ಚುಕಡಿಮೆ ನೇರವಾಗಿ ಬೀಳುತ್ತದೆ. ಡಿಸೆಂಬರಿನಲ್ಲಿ ಅದೇ ಸೂರ್ಯ ನೈಋತ್ಯದ ಕಡೆ ಇಳಿಯುವುದರಿಂದ ಬೆಳಕು ಓರೆಯಾಗಿ ಸವರಿಕೊಂಡು ಹೋಗಿ, ಏಣುಗಳು ಹೊಳೆದರೂ ಕಣಿವೆಗಳು ಕತ್ತಲಲ್ಲಿ ಉಳಿಯುತ್ತವೆ. ಬಂಡೆಗಳನ್ನು ನೋಡುವುದೇ ಮುಖ್ಯವೆನ್ನುವವರು ಮೇ ತಿಂಗಳಿನಿಂದ ಆಗಸ್ಟ್ ನಡುವೆ ಹೋಗುವುದು ಒಳ್ಳೆಯದು. ತಿಮಿಂಗಿಲಗಳನ್ನು ನೋಡಬೇಕೆನ್ನುವವರು ಮಾತ್ರ ಡಿಸೆಂಬರಿನಿಂದ ಏಪ್ರಿಲ್ ನಡುವೆ ಹೋಗಬೇಕಾಗುತ್ತದೆ, ಗೂನುಬೆನ್ನಿನ ತಿಮಿಂಗಿಲಗಳು ಈ ನೀರಿಗೆ ಬರುವುದು ಆಗಲೇ. ಆದರೆ ಚಳಿಗಾಲದಲ್ಲಿ ಉತ್ತರದಿಂದ ಬರುವ ಭಾರಿ ಅಲೆಗಳಿಂದಾಗಿ ದೋಣಿಗಳು ಅರ್ಧದಿಂದಲೇ ಹಿಂದಿರುಗುವುದೂ, ಯಾನವೇ ರದ್ದಾಗುವುದೂ ಸಾಮಾನ್ಯ.

ಎಲ್ಲಿಂದ ಹೊರಡುವುದು ಎಂಬ ವಿಷಯದಲ್ಲಿ ನಾವು ಎಡವಿದೆವು. ಭೂಪಟದಲ್ಲಿ ನಾ ಪಾಲಿಗೆ ಹತ್ತಿರವಿದೆಯೆಂದು ಉತ್ತರ ದಂಡೆಯ ಪ್ರಿನ್ಸ್‌ವಿಲ್‌ನಲ್ಲಿ ಮನೆ ಬಾಡಿಗೆಗೆ ಹಿಡಿದಿದ್ದೆವು. ಕಾಯ್ದಿರಿಸಿದ ಮೇಲೆ ಬಂದ ಪತ್ರ ಓದಿದಾಗಲೇ ನಮ್ಮ ದೋಣಿ ಹೊರಡುವುದು ದ್ವೀಪದ ದಕ್ಷಿಣದ ಪೋರ್ಟ್ ಆಲೆನ್ ಬಂದರಿನಿಂದ ಎಂದು ತಿಳಿದದ್ದು. ರಸ್ತೆ ದ್ವೀಪವನ್ನು ಪೂರ್ತಿ ಸುತ್ತುವುದಿಲ್ಲವಾದ್ದರಿಂದ ಕಲಲಾವುವಿನ ಹತ್ತಿರವೇ ಮಲಗಿದ್ದ ನಾವು, ಅದನ್ನು ನೋಡಲು ಪೂರ್ವದ ಅಂಚಿಡೀ ಬಳಸಿ ಸುಮಾರು 75 ಕಿಲೋಮೀಟರ್ ಕಾರು ಓಡಿಸಬೇಕಾಯಿತು. ಮೈಸುತ್ತಿ ಮೂಗು ಹಿಡಿಯುವುದೆಂದರೆ ಇದೇ. ಕಪಾ ಊರಿನ ಬಳಿ ಮಧ್ಯಾಹ್ನ ವಾಹನಗಳು ತೆವಳುತ್ತವೆ, ಆದ್ದರಿಂದ ಉತ್ತರದಲ್ಲಿ ಉಳಿದವರು ಎರಡು ಗಂಟೆ ಮುಂಚೆಯಾದರೂ ಹೊರಡಬೇಕು. ಬಂದರುಗಳು ಮುಖ್ಯವಾಗಿ ಮೂರು: ದೊಡ್ಡ ದೋಣಿಗಳು ಹೆಚ್ಚಾಗಿ ಪೋರ್ಟ್ ಆಲೆನ್‌ನಿಂದ ಹೊರಡುತ್ತವೆ, ಪಶ್ಚಿಮದ ಕಿಕಿಯಾವೊಲದಿಂದ ಸಣ್ಣ ರಾಫ್ಟ್‌ಗಳು, ಉತ್ತರದ ಹನಲೇಯಿಂದ ಬೇಸಿಗೆಯಲ್ಲಿ ಮಾತ್ರ ಕೆಲವು ದೋಣಿಗಳು. ಹನಲೇಯಿಂದ ಹೊರಟರೆ ಬಂಡೆಗಳು ಬೇಗ ಸಿಗುತ್ತವೆ. ಪೋರ್ಟ್ ಆಲೆನ್‌ನಿಂದ ಹೊರಟರೆ ಒಂದು ಗಂಟೆಗೂ ಹೆಚ್ಚು ಕಾಲ ಚಪ್ಪಟೆ ನೆಲವನ್ನು ನೋಡುತ್ತ ಕೂರಬೇಕು.

ದೋಣಿಯ ಆಯ್ಕೆ ಜೊತೆಗಿರುವವರನ್ನು ನೋಡಿ ಮಾಡಬೇಕು. ಗಾಳಿ ತುಂಬಿದ ಅಂಚಿನ ರಾಫ್ಟ್ ವೇಗವಾಗಿ ಹೋಗುತ್ತದೆ, ಕಡಲು ಶಾಂತವಾಗಿದ್ದರೆ ಬಂಡೆಯ ಗುಹೆಗಳ ಒಳಗೂ ನುಗ್ಗುತ್ತದೆ, ಆದರೆ ಪ್ರತಿ ಅಲೆಗೂ ಬೆನ್ನುಮೂಳೆಗೆ ಕುಕ್ಕುತ್ತದೆ. ಗರ್ಭಿಣಿಯರನ್ನೂ ಬೆನ್ನುನೋವಿನವರನ್ನೂ ಅದಕ್ಕೆ ಹತ್ತಿಸಿಕೊಳ್ಳುವುದಿಲ್ಲ. ಎರಡು ಒಡಲುಗಳ ಕಟಾಮರನ್‌ನಲ್ಲಿ ಶೌಚಾಲಯ, ನೆರಳು, ಊಟ ಎಲ್ಲವೂ ಇರುತ್ತವೆ, ಗುಹೆಯೊಳಗೆ ಮಾತ್ರ ಹೋಗಲಾಗದು. ನಾವು ಹತ್ತಿದ್ದು ಕಟಾಮರನ್, ಅಮ್ಮನ ಮಂಡಿಯನ್ನು ನೆನೆದರೆ ಇಂದಿಗೂ ಆ ತೀರ್ಮಾನ ಸರಿಯೆನಿಸುತ್ತದೆ.

ಮೂರೂಮುಕ್ಕಾಲಿಗೆ ಬಂದರು ಬಿಟ್ಟೆವು. ಪೋರ್ಟ್ ಆಲೆನ್‌ನಿಂದ ಹೋಗುವಾಗ ದ್ವೀಪ ಉದ್ದಕ್ಕೂ ಬಲಗಡೆಗೇ ಇರುತ್ತದೆ, ಆದ್ದರಿಂದ ಹತ್ತಿದ ಕೂಡಲೇ ಬಲಬದಿಯಲ್ಲಿ ಜಾಗ ಹಿಡಿಯಬೇಕು; ಎಲ್ಲರೂ ಓಡುವ, ಮುಂಭಾಗದಲ್ಲಿ ಎರಡು ಒಡಲುಗಳ ನಡುವೆ ಬಿಗಿದಿರುವ ಬಲೆಯ ಮೇಲೆ ಕೂತವರು ಹತ್ತು ನಿಮಿಷದಲ್ಲಿ ತೊಯ್ದು ತೊಪ್ಪೆಯಾಗುತ್ತಾರೆ. ಈ ಮೊದಲ ಗಂಟೆಯನ್ನು ಬೇಸರದ ಗಂಟೆ ಎನ್ನುವವರೇ ಹೆಚ್ಚು, ನನಗೇನೋ ಹಾಗೆನಿಸಲಿಲ್ಲ. ಬ್ರಿಟಿಷ್ ನಾವಿಕ ಕ್ಯಾಪ್ಟನ್ ಕುಕ್‌ನ ಹಡಗುಗಳು 1778ರ ಜನವರಿಯಲ್ಲಿ ಲಂಗರು ಹಾಕಿದ ವೈಮಿಯಾ ಇದೇ ದಾರಿಯಲ್ಲಿ ಸಿಗುತ್ತದೆ. ದ್ವೀಪದ ನಡುವಿನ ವೈಯಲೆಯಲೆ ಶಿಖರದಲ್ಲಿ ವರ್ಷಕ್ಕೆ 9,000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಅದರ ಮರೆಯಲ್ಲಿರುವ ಈ ಪಶ್ಚಿಮ ದಂಡೆ ಬಯಲುಸೀಮೆಯಂತೆ ಒಣಗಿ ಕೆಂಪಾಗಿದೆ. ಬಾರ್ಕಿಂಗ್ ಸ್ಯಾಂಡ್ಸ್‌ನ ಕ್ಷಿಪಣಿ ಪರೀಕ್ಷಾ ನೆಲೆ ದಾಟಿ ಪೊಲಿಹಲೆಯ ಮರಳು ಮುಗಿಯುವಲ್ಲಿ ಮೊದಲ ಬಂಡೆಗೋಡೆ ಧುತ್ತೆಂದು ಏಳುತ್ತದೆ, ಅಲ್ಲಿಂದ ಮುಂದೆ ಒಂದೊಂದು ತಿರುವಿಗೂ ಹಸಿರು ಏರುತ್ತ ಹೋಗುತ್ತದೆ.

ಈಶಾನ್ಯದ ವಾಣಿಜ್ಯ ಮಾರುತ ಎದುರಾಗುವುದೂ ಅಲ್ಲಿಯೇ. ಅಷ್ಟು ಹೊತ್ತು ಆರಾಮವಾಗಿದ್ದ ದೋಣಿ ಕುಣಿಯತೊಡಗಿತು, ಅಮ್ಮನ ಮುಖ ಬಿಳಿಚಿಕೊಂಡಿತು. ಹೊಟ್ಟೆ ತೊಳಸುವುದಕ್ಕೆ ಮಾತ್ರೆ ತಂದಿದ್ದೆವು, ಆದರೆ ಆಮೇಲೆ ನೋಡೋಣವೆಂದು ಅದನ್ನು ಚೀಲದಲ್ಲಿಯೇ ಇಟ್ಟುಕೊಂಡಿದ್ದೆವು. ವಾಕರಿಕೆ ಶುರುವಾದ ಮೇಲೆ ನುಂಗಿದ ಮಾತ್ರೆ ಹೆಚ್ಚು ಕೆಲಸ ಮಾಡುವುದಿಲ್ಲ. ಮಾತ್ರೆಯನ್ನು ಹೊರಡುವ ಒಂದು ಗಂಟೆ ಮೊದಲೇ, ಬೇರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳಿ, ತೆಗೆದುಕೊಂಡಿರಬೇಕು. ದೋಣಿಯ ಹುಡುಗಿಯೊಬ್ಬಳು ಅಮ್ಮನನ್ನು ಕೈಹಿಡಿದು ಹಿಂಭಾಗದ ನಡುವಿಗೆ ಕರೆದೊಯ್ದು ಕೂರಿಸಿ, ಶುಂಠಿ ಪೆಪ್ಪರ್ಮಿಂಟು ಕೊಟ್ಟು, ದೂರದ ದಿಗಂತವನ್ನೇ ನೋಡುತ್ತಿರುವಂತೆ ಕೈಸನ್ನೆಯಲ್ಲಿ ಹೇಳಿದಳು. ಆ ಜಾಗದಲ್ಲಿ ಏರಿಳಿತ ಎದ್ದು ಕಾಣುವಷ್ಟು ಕಡಿಮೆ. ಇಪ್ಪತ್ತು ನಿಮಿಷದಲ್ಲಿ ಅಮ್ಮ ಚೇತರಿಸಿಕೊಂಡರು. ಫೋನಿನ ಪರದೆಯಲ್ಲಿ ಕಣ್ಣು ನೆಟ್ಟು ವಿಡಿಯೊ ಮಾಡುತ್ತಿದ್ದ ಪಕ್ಕದ ಯುವಕ ಮಾತ್ರ ಕೊನೆಯವರೆಗೂ ಕಂಬಿಗೆ ಜೋತುಬಿದ್ದೇ ಇದ್ದ.

ಐದೂವರೆಯಿಂದ ಆರೂಕಾಲರವರೆಗಿನ ಮುಕ್ಕಾಲು ಗಂಟೆ ಈ ಯಾನದ ತಿರುಳು. ಸುಮಾರು 50 ಲಕ್ಷ ವರ್ಷ ಹಳೆಯ ಜ್ವಾಲಾಮುಖಿಯ ಲಾವಾ ಪದರಗಳನ್ನು ಮಳೆನೀರು ಮೇಲಿನಿಂದಲೂ ಅಲೆಗಳು ಬುಡದಿಂದಲೂ ಕೊರೆದ ಪರಿಣಾಮವಾಗಿ ಗೋಡೆಯುದ್ದಕ್ಕೂ ಚೂಪಾದ ಏಣು, ಆಳವಾದ ಸೀಳು, ಮತ್ತೆ ಏಣು ಹೀಗೆ ಸಾಲುಗಟ್ಟಿವೆ. ಕೈಯಲ್ಲಿ ನೆರಿಗೆ ಹಿಡಿದು ಇನ್ನೂ ಸಿಕ್ಕಿಸಿಕೊಳ್ಳದ ಸೀರೆಯ ಹಾಗಿದೆ ಎಂದರು ಅಮ್ಮ, ಇದಕ್ಕಿಂತ ಸರಿಯಾದ ವರ್ಣನೆ ನನಗಿನ್ನೂ ಸಿಕ್ಕಿಲ್ಲ. ಬಿಸಿಲು ಇಳಿದಂತೆ ಬುಡದ ಕಪ್ಪು ಕಲ್ಲು ಮೊದಲು ಇಟ್ಟಿಗೆ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಹಸಿರಿನ ಮೇಲೆ ತುಪ್ಪ ಸವರಿದಂತಹ ಹೊಳಪು ಬರುತ್ತದೆ. ಹೊನೊಪು ಕಣಿವೆಯ ಬುಡದಲ್ಲಿ ಕಡಲು ಕೊರೆದ ಭಾರಿ ಕಮಾನೊಂದಿದೆ. ಅಲ್ಲಿ ದೋಣಿಯನ್ನು ದಡಕ್ಕೆ ತರುವಂತಿಲ್ಲ, ಹೋಗುವವರು ಈಜಿಕೊಂಡೇ ಹೋಗಬೇಕು.

ಕಲಲಾವುವಿನ ಎದುರು ಕ್ಯಾಪ್ಟನ್ ಎಂಜಿನ್ ನಿಲ್ಲಿಸಿದ. 1893ರಲ್ಲಿ ಕುಷ್ಠರೋಗಿಗಳನ್ನು ಮೊಲೊಕಾಯಿ ದ್ವೀಪಕ್ಕೆ ಸಾಗಿಸುತ್ತಿದ್ದಾಗ, ಆ ರೋಗ ತಗುಲಿದ್ದ ಕೊವೊಲಾವು ಎಂಬ ದನಗಾಹಿ ಹೆಂಡತಿ ಪಿಯಿಲಾನಿಯನ್ನು ಬಿಟ್ಟು ಹೋಗಲು ಒಪ್ಪದೆ ಈ ಕಣಿವೆಯಲ್ಲಿ ಅಡಗಿ, ಹಿಡಿಯಲು ಬಂದವರ ಮೇಲೆ ಗುಂಡು ಹಾರಿಸಿ, ಸಿಕ್ಕಿಬೀಳದೆ ಇಲ್ಲಿಯೇ ಸತ್ತ. ಆತನನ್ನು ಹೂಳಿದ್ದು ಹೆಂಡತಿಯೇ. ಧ್ವನಿವರ್ಧಕದಲ್ಲಿ ಇದನ್ನು ಎರಡೇ ವಾಕ್ಯಗಳಲ್ಲಿ ಮುಗಿಸಿ ಪಾನೀಯದ ವಿಷಯಕ್ಕೆ ಬಂದದ್ದು ನನಗೆ ಹಿಡಿಸಲಿಲ್ಲ. ಓದಿಕೊಂಡು ಹೋದರೆ ಆ ಕಣಿವೆ ಬೇರೆಯಾಗಿಯೇ ಕಾಣುತ್ತದೆ.

ಮರಳುವಾಗ ಗಾಳಿ ಬೆನ್ನಿಗಿರುವುದರಿಂದ ಹಾಯಿ ಬಿಚ್ಚುತ್ತಾರೆ, ಕುಲುಕಾಟ ನಿಂತುಹೋಗುತ್ತದೆ. ಈಗ ದ್ವೀಪ ಎಡಗಡೆಗೆ ಬರುತ್ತದೆ, ಪೊಲಿಹಲೆ ದಾಟಿದ ಮೇಲೆ ಸೂರ್ಯ ಹಿಂದೆ ಉಳಿಯುತ್ತಾನೆ. ಆದ್ದರಿಂದ ಬಂಡೆಗಳು ಮುಗಿದ ಕೂಡಲೇ ಹಿಂಬದಿಯ ಬೆಂಚಿಗೆ ಹೋಗುವುದು ಜಾಣತನ. ಜೂನ್ ಕೊನೆಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ಏಳೂ ಇಪ್ಪತ್ತರ ಆಸುಪಾಸಿನಲ್ಲಿ, ಡಿಸೆಂಬರಿನಲ್ಲಿ ಆರರ ಸುಮಾರಿಗೆ. ಪಶ್ಚಿಮಕ್ಕೆ ಕಾಣುವ ನೀಲಿ ರೇಖೆ ನಿಹಾವು, 1864ರಲ್ಲಿ ಒಂದು ಕುಟುಂಬ ಹವಾಯಿಯ ರಾಜನಿಂದ 10,000 ಡಾಲರಿಗೆ ಕೊಂಡುಕೊಂಡು ಇಂದಿಗೂ ಖಾಸಗಿಯಾಗಿ ಇಟ್ಟುಕೊಂಡಿರುವ ದ್ವೀಪ. ಸೂರ್ಯನ ಕೊನೆಯ ಚೂರು ಜಾರುವ ಕ್ಷಣದಲ್ಲಿ ಹಸಿರು ಮಿಂಚೊಂದು ಕಾಣುತ್ತದೆಂದು ಎಲ್ಲರೂ ಉಸಿರು ಬಿಗಿಹಿಡಿದಿದ್ದರು. ಮಗ ಕಂಡೆನೆಂದು ಆಣೆಯಿಟ್ಟು ಹೇಳಿದ, ನನಗೆ ಏನೂ ಕಾಣಲಿಲ್ಲ. ಡಾಲ್ಫಿನ್‌ಗಳಂತೂ ದೋಣಿಯ ಮುಂದೆ ಗಿರಕಿ ಹೊಡೆದವು. ದಂಡೆಯ ಬಳಿಯ ಸ್ಪಿನ್ನರ್ ಡಾಲ್ಫಿನ್‌ಗಳಿಂದ ಸುಮಾರು 45 ಮೀಟರ್ ದೂರವಿರಬೇಕೆಂಬ ನಿಯಮ 2021ರಿಂದ ಇದೆ, ಹತ್ತಿರ ಹೋಗಿ ಎಂದು ಕ್ಯಾಪ್ಟನ್ನನನ್ನು ಪೀಡಿಸಬಾರದು. ಅವುಗಳೇ ಬಂದರೆ ಅದು ಬೇರೆ ಮಾತು.

ಸೂರ್ಯ ಮುಳುಗಿದ ಕೂಡಲೇ ಚಳಿ ಹತ್ತುತ್ತದೆ. ಉಷ್ಣವಲಯವೆಂದು ಬರೀ ಅಂಗಿ ತೊಟ್ಟು ಬಂದವರೆಲ್ಲ ಟವೆಲ್ ಹೊದ್ದು ಕೂತಿದ್ದರು. ಗಾಳಿ ತಡೆಯುವ ಜಾಕೆಟ್ಟೊಂದು, ಒಣಗಿದ ಒಂದು ಜೊತೆ ಬಟ್ಟೆ ಬೇಕೇಬೇಕು. ಹೆಚ್ಚಿನ ದೋಣಿಗಳಲ್ಲಿ ಚಪ್ಪಲಿಯನ್ನು ಹತ್ತುವಾಗಲೇ ತೆಗೆಸಿ ಬುಟ್ಟಿಗೆ ಹಾಕಿಸುತ್ತಾರೆ. ಹವಳಕ್ಕೆ ಹಾನಿಯೆಂದು ಆಕ್ಸಿಬೆನ್‌ಜೋನ್ ಮತ್ತು ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿಯಲ್ಲಿ 2021ರ ಜನವರಿ 1ರಿಂದ ನಿಷೇಧಿಸಲಾಗಿದೆ, ಸತುವಿನ ಆಕ್ಸೈಡ್ ಇರುವುದನ್ನು ಕೊಂಡೊಯ್ಯಿರಿ. ಟಿಕೆಟ್ ದರದ ಮೇಲೆ ತೆರಿಗೆ ಸೇರುತ್ತದೆ, ಸಿಬ್ಬಂದಿಗೆ ಶೇಕಡಾ 15ರಿಂದ 20ರಷ್ಟು ಟಿಪ್ಸ್ ಕೊಡುವುದು ಅಲ್ಲಿಯ ರೂಢಿ. ಒಟ್ಟು ಖರ್ಚಿನ ಲೆಕ್ಕವನ್ನು ಇವೆರಡನ್ನೂ ಸೇರಿಸಿಯೇ ಮಾಡಿಕೊಳ್ಳಬೇಕು. ಇನ್ನೊಂದು ಮಾತು, ಯಾನವನ್ನು ಪ್ರವಾಸದ ಕೊನೆಯ ದಿನಕ್ಕೆ ಇಟ್ಟುಕೊಳ್ಳಬೇಡಿ. ನಾವು ಮೊದಲು ಕಾಯ್ದಿರಿಸಿದ್ದ ದಿನ ಗಾಳಿ ಜೋರೆಂದು ಮಧ್ಯಾಹ್ನ ಫೋನು ಮಾಡಿ ರದ್ದುಪಡಿಸಿದರು, ಕೈಯಲ್ಲಿ ಇನ್ನೂ ನಾಲ್ಕು ದಿನಗಳಿದ್ದುದರಿಂದ ಮಾತ್ರ ಮರುದಿನದ ಜಾಗ ಸಿಕ್ಕಿತು.

ಊಟದ ವಿಷಯದಲ್ಲಿ ಸಸ್ಯಾಹಾರಿಗಳು ಎಚ್ಚರದಿಂದಿರಬೇಕು. ಸಂಜೆಯ ಊಟ ಸಾಮಾನ್ಯವಾಗಿ ಹಂದಿಮಾಂಸ ಮತ್ತು ಕೋಳಿಯ ಸುತ್ತಲೇ ಇರುತ್ತದೆ. ಕಾಯ್ದಿರಿಸುವಾಗಲೇ ನಾವು ಸಸ್ಯಾಹಾರವೆಂದು ಬರೆದಿದ್ದೆವು, ಆದರೂ ಅಡುಗೆಯವನಿಗೆ ಆ ಸುದ್ದಿ ತಲುಪಿರಲಿಲ್ಲ. ಸಿಕ್ಕಿದ್ದು ಬರಿಯ ಅನ್ನ, ಒಂದಿಷ್ಟು ಸೊಪ್ಪು, ಅನಾನಸ್ ಹೋಳು. ಬರೆದರೆ ಸಾಲದು, ಹಿಂದಿನ ದಿನ ಫೋನು ಮಾಡಿ ಖಚಿತಪಡಿಸಿಕೊಳ್ಳಬೇಕು. ಬಂದರಿನ ಹತ್ತಿರದ ಹೋಟೆಲುಗಳು ಬೇಗನೆ ಬಾಗಿಲು ಹಾಕುತ್ತವೆಂದು ಅಮ್ಮ ಹೇಗೆ ಊಹಿಸಿದರೋ ಕಾಣೆ, ಮಧ್ಯಾಹ್ನವೇ ಬಾಡಿಗೆ ಮನೆಯಲ್ಲಿ ಪುಳಿಯೋಗರೆ ಕಲಸಿ ಡಬ್ಬಿಗೆ ತುಂಬಿ ಕಾರಿನಲ್ಲಿ ಇಟ್ಟಿದ್ದರು. ಎಂಟು ಗಂಟೆಗೆ ದಡ ಸೇರಿ, ಕಾರಿನ ಒಳದೀಪ ಹಾಕಿಕೊಂಡು, ನಾಲ್ವರೂ ಒಂದೇ ಡಬ್ಬಿಗೆ ಕೈ ಹಾಕಿ ಖಾಲಿ ಮಾಡಿದ ಮೇಲೆ ಪ್ರಿನ್ಸ್‌ವಿಲ್ ಕಡೆಗೆ ಹೊರಟೆವು.