ಬಿಟ್ಟು ಹೋದ್ರೆ ಉಳಿದ ದುಡ್ಡು?

"ಬಾಂಡ್ ಗೀಂಡ್ ಏನಿಲ್ಲ ಸಾರ್. ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು."

"ಬಿಟ್ಟು ಹೋದ್ರೆ ಉಳಿದ ದುಡ್ಡು ವಾಪಸ್ ಕೊಡ್ತೀಯೇನಪ್ಪಾ?"

ಮೊನ್ನೆ ದಾವಣಗೆರೆಯ ಒಂದು ಮೊಬೈಲ್ ಕಂಪನಿಯ ಶೋರೂಮಿನಲ್ಲಿ ನಡೆದ ಮಾತು ಇದು. ಕೇಳಿದವರು ನಮ್ಮ ಚಿಕ್ಕಪ್ಪ. ಕೌಂಟರಿನ ಹುಡುಗ ಉತ್ತರ ಕೊಡಲಿಲ್ಲ, ನಕ್ಕುಬಿಟ್ಟ. ಪಕ್ಕದಲ್ಲಿ ಸಿಮ್ ಬದಲಾಯಿಸಲು ಕೂತಿದ್ದ ಒಬ್ಬರೂ ನಕ್ಕರು. ನಾನೂ ನಕ್ಕೆ. ಚಿಕ್ಕಪ್ಪ ಮಾತ್ರ ನಗಲಿಲ್ಲ. ಅವರು ನಿಜಕ್ಕೂ ಉತ್ತರಕ್ಕೆ ಕಾಯುತ್ತಿದ್ದರು.

ಚಿಕ್ಕಪ್ಪನದು ಮಂಡಕ್ಕಿ ಭಟ್ಟಿ. ಮೊಬೈಲು ಊರಿಗೆ ಹೊಸದಾಗಿ ಬಂದಾಗ ತಗೊಂಡ ನಂಬರೇ ಇವತ್ತಿಗೂ ಅಂಗಡಿ ಬೋರ್ಡಿನ ಮೇಲಿದೆ, ರಸೀದಿ ಪುಸ್ತಕದ ಮೇಲಿದೆ. ಹರಿಹರ, ರಾಣೆಬೆನ್ನೂರು, ಹೊಳಲ್ಕೆರೆ ಕಡೆಯ ಅಂಗಡಿಯವರು ಫೋನ್ ಮಾಡಿ "ಅಣ್ಣಾರೆ, ಹತ್ತು ಚೀಲ ಕಳಿಸ್ರಿ" ಅಂದರೆ ವ್ಯಾಪಾರ ಮುಗಿಯಿತು. ಆ ನಂಬರನ್ನು ಅವರ ಮಗ ಪೋಸ್ಟ್‌ಪೇಯ್ಡ್ ಮಾಡಿಸಿಟ್ಟು ಬೆಂಗಳೂರಿಗೆ ಹೋದ. ದೊಡ್ಡವರಿಗೆ ರೀಚಾರ್ಜ್ ಮಾಡೋ ಗೋಜಲು ಬೇಡ ಅಂತ. ಒಳ್ಳೆಯ ಹುಡುಗ, ಆದರೆ ಇಂಥ ಉಪಕಾರಗಳನ್ನು ಕೇಳದೆ ಮಾಡುತ್ತಾನೆ. ಬಿಲ್ಲಿನ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬೇರೆ. ಚಿಕ್ಕಪ್ಪ ಒಂದು ದಿನವೂ ತೆರೆಯದ ಸಿನಿಮಾ ಆ್ಯಪು ಬೇರೆ. ಇಷ್ಟೆಲ್ಲ ಕೊಟ್ಟರೂ ಭಟ್ಟಿಯ ತಗಡಿನ ಕೆಳಗೆ ಸಿಗ್ನಲ್ ಇಲ್ಲ. ಯಾರಾದರೂ ಫೋನ್ ಮಾಡಿದರೆ ರಸ್ತೆಗೆ ಓಡಬೇಕು.

ಹಾಗಾಗಿ ಕಂಪನಿ ಬದಲಾಯಿಸೋಣ, ಪ್ರೀಪೇಯ್ಡ್ ಮಾಡಿಸೋಣ, ಕಟ್ಟಿಹಾಕುವಂಥದ್ದು ಏನೂ ಬೇಡ ಅಂತ ಹೊರಟಿದ್ದು. "ನೀನು ಬಾರವ್ವ, ಆ ಹುಡುಗರು ಇಂಗ್ಲಿಷಿನಲ್ಲಿ ಸುತ್ತಿಸ್ತಾರೆ" ಅಂತ ನನ್ನನ್ನೂ ಕರೆದುಕೊಂಡು ಹೋದರು.

ಹುಡುಗ ಇಂಗ್ಲಿಷಿನಲ್ಲಿ ಸುತ್ತಿಸಲಿಲ್ಲ. ಅಚ್ಚ ದಾವಣಗೆರೆ ಕನ್ನಡದಲ್ಲೇ ಸುತ್ತಿಸಿದ. ಮೊದಲ ಮಾತಿಗೇ ವರ್ಷದ ಪ್ಲಾನು ತೆಗೆದ. ಮೂರೂವರೆ ಸಾವಿರದ ಮೇಲೆ. "ದಿನದ ಲೆಕ್ಕ ಹಾಕಿ ಸಾರ್, ಹತ್ತು ರೂಪಾಯಿನೂ ಬೀಳಲ್ಲ. ಒಂದು ಬೆಣ್ಣೆ ದೋಸೆ ದುಡ್ಡೂ ಆಗಲ್ಲ." ಆಗಲೇ ಚಿಕ್ಕಪ್ಪ ಬಾಂಡ್ ಇದೆಯಾ ಅಂತ ಕೇಳಿದ್ದು. ಅವನು ಇಲ್ಲ ಅಂದಿದ್ದು. ಇವರು ಆ ಪ್ರಶ್ನೆ ಹಾಕಿದ್ದು.

ಚಿಕ್ಕಪ್ಪ ಜಿಪುಣರೇ, ಅದರಲ್ಲಿ ಎರಡು ಮಾತಿಲ್ಲ. ಬಟ್ಟೆ ಅಂಗಡಿಯಲ್ಲಿ ಅವರ ಜೊತೆ ನಿಂತರೆ ನಾಚಿಕೆಯಾಗುತ್ತದೆ. ಆದರೆ ಈ ಪ್ರಶ್ನೆ ಜಿಪುಣತನದ್ದು ಅಂತ ನನಗೆ ಅನ್ನಿಸಲಿಲ್ಲ. ಅವರ ವ್ಯಾಪಾರದಲ್ಲಿ ಯಾರಾದರೂ ಮುಂಗಡ ಕೊಟ್ಟು ಅರ್ಧ ಮಾಲು ಸಾಕು ಅಂದರೆ ಉಳಿದ ದುಡ್ಡು ಹಿಂದಕ್ಕೆ ಹೋಗುತ್ತದೆ, ಇಲ್ಲವೇ ಮುಂದಿನ ಲೆಕ್ಕಕ್ಕೆ ಸೇರುತ್ತದೆ. ಮುಂಗಡ ಅಂದರೆ ಅವರಿಗೆ ಅದೇ.

ಮೊಬೈಲಿನಲ್ಲಿ ಹಾಗಿಲ್ಲ. ಪ್ರೀಪೇಯ್ಡ್ ನಂಬರು ಬೇರೆ ಕಂಪನಿಗೆ ಪೋರ್ಟ್ ಆದ, ಅಂದರೆ ನಂಬರ್ ಅದೇ ಇದ್ದು ಕಂಪನಿ ಬದಲಾದ ಗಳಿಗೆಗೆ ಉಳಿದ ಬ್ಯಾಲೆನ್ಸು ಹೋಯಿತು, ಉಳಿದ ದಿನಗಳೂ ಹೋದವು. ಸಹಿ ಇಲ್ಲ, ಕರಾರು ಪತ್ರ ಇಲ್ಲ, ದಂಡ ಇಲ್ಲ. ಹನ್ನೆರಡು ತಿಂಗಳ ದುಡ್ಡು ಮೊದಲೇ ಅವರ ಗಲ್ಲಾದಲ್ಲಿ ಕೂತಿದ್ದರೆ ದಂಡ ಯಾಕೆ ಬೇಕು ಹೇಳಿ? "ಯಾವಾಗ ಬೇಕಾದ್ರೂ ಬಿಟ್ಟು ಹೋಗಬಹುದು" ಅಂತ ಹುಡುಗ ಹೇಳಿದ್ದು ಸುಳ್ಳಲ್ಲ. ಅದೇ ನನ್ನನ್ನು ಈ ವಾರವೆಲ್ಲ ಕಾಡಿದ್ದು.

ರಾತ್ರಿ ಇದನ್ನೇ ಅಮೆರಿಕದಲ್ಲಿರುವ ನನ್ನ ತಮ್ಮನಿಗೆ ಹೇಳಿದೆ. ಅವನಿಗೆ ಇಲ್ಲಿಯ ಎಲ್ಲದರ ಬಗ್ಗೆಯೂ ಒಂದು ಭಾಷಣ ರೆಡಿ ಇರುತ್ತದೆ. ಈ ಸಲ ಮಾತ್ರ ನಿಟ್ಟುಸಿರು ಬಿಟ್ಟ. ಅಲ್ಲಿ ಮೊದಲು ಎರಡು ವರ್ಷದ ಕರಾರು ಬರೆಸಿಕೊಂಡು ಕಡಿಮೆ ಬೆಲೆಗೆ ಫೋನ್ ಕೊಡುತ್ತಿದ್ದರು. ಅದು ಬಹುಪಾಲು ಹೋಗಿದೆ. ಈಗ ಇವನ ಫೋನಿನ ಬೆಲೆಯನ್ನು 36 ಕಂತು ಮಾಡಿ ಬಿಲ್ಲಿಗೆ ಸೇರಿಸಿ, ತಿಂಗಳು ತಿಂಗಳು ಅಷ್ಟನ್ನೇ ರಿಯಾಯಿತಿ ಅಂತ ಕಳೆಯುತ್ತಾರಂತೆ. ನಡುವೆ ಬಿಟ್ಟರೆ ಕಳೆಯುವುದು ನಿಲ್ಲುತ್ತದೆ, ಉಳಿದ ಕಂತು ಕಟ್ಟಬೇಕು. "ಕಾಂಟ್ರಾಕ್ಟ್ ಇಲ್ಲ ಕಣೇ" ಅಂದ. ಚಿಕ್ಕಪ್ಪನ ಪ್ರಶ್ನೆಯನ್ನು ಅವನಿಗೂ ಹೇಳಿದೆ. ಅವನೂ ನಕ್ಕ. ಶೋರೂಮಿನ ಹುಡುಗನ ಥರಾನೇ.

ವರ್ಷದ ಪ್ಲಾನೇ ಮೋಸ ಅಂತ ನಾನು ಹೇಳುತ್ತಿಲ್ಲ. 2024ರ ಜುಲೈನಲ್ಲಿ ಮೂರೂ ಖಾಸಗಿ ಕಂಪನಿಗಳು ಒಂದೇ ವಾರದಲ್ಲಿ ದರ ಏರಿಸಿದವಲ್ಲ, ಅದಕ್ಕೆ ಸ್ವಲ್ಪ ಮೊದಲು ವರ್ಷದ್ದು ಹಾಕಿಸಿಕೊಂಡವರು ಗೆದ್ದರು. ನಮ್ಮ ಬೀದಿಯ ಒಬ್ಬ ಮೇಷ್ಟ್ರು ಅದನ್ನು ಇವತ್ತಿಗೂ ಹೇಳಿಕೊಂಡು ತಿರುಗುತ್ತಾರೆ. ಮನೆಯಲ್ಲಿ, ಅಂಗಡಿಯಲ್ಲಿ ಸಿಗ್ನಲ್ ಚೆನ್ನಾಗಿದೆ ಅಂತ ಗೊತ್ತಿದ್ದವರಿಗೆ ಅದು ಸರಿ. ಭಟ್ಟಿಯೊಳಗೆ ಬರುತ್ತೋ ಇಲ್ಲವೋ ಗೊತ್ತಿಲ್ಲದವರು ವರ್ಷದ ದುಡ್ಡು ಯಾಕೆ ಸುರಿಯಬೇಕು?

ಹಾಗಾದರೆ 28 ದಿನದ್ದು ಸಾಕು ಅಂದರು ಚಿಕ್ಕಪ್ಪ. 28 ದಿನದ ಲೆಕ್ಕದಲ್ಲಿ ವರ್ಷಕ್ಕೆ ಹನ್ನೆರಡಲ್ಲ, ಹದಿಮೂರು ರೀಚಾರ್ಜು ಅಂತ ನಾನು ಜಾಣತನ ತೋರಿಸಲು ಹೋದೆ. "ಗೊತ್ತವ್ವ, ನಾನು ಕೂಲಿ ಕೊಡೋದು ವಾರದ ಲೆಕ್ಕದಲ್ಲಿ. ನಾಕು ವಾರಕ್ಕೆ ತಿಂಗಳು ಮುಗಿಯಲ್ಲ ಅಂತ ನನಗೆ ಹೇಳ್ತೀಯ?" ಅಂದರು. 30 ದಿನದ ಪ್ಲಾನು ಒಂದು, ಪ್ರತಿ ತಿಂಗಳು ಅದೇ ತಾರೀಕಿಗೆ ಬರುವ ಪ್ಲಾನು ಒಂದು, ಕಡಿಮೆ ಅಂದರೂ ಇಟ್ಟಿರಲೇಬೇಕು ಅಂತ ಫೋನ್ ಕಂಪನಿಗಳಿಗೆ ನಿಯಮ ಮಾಡುವ ಸರ್ಕಾರಿ ಸಂಸ್ಥೆ ಟ್ರಾಯ್ 2022ರಲ್ಲೇ ಹೇಳಿದೆ. ಅದನ್ನು ಕೇಳಿದರೆ ಹುಡುಗ ಟ್ಯಾಬಿನಲ್ಲಿ ಬೆರಳು ಓಡಿಸಿ ಓಡಿಸಿ ಕೊನೆಗೆ ತೋರಿಸಿದ. ಚಿಕ್ಕಮ್ಮನ ಕೀಪ್ಯಾಡ್ ಫೋನಿಗೆ ಡೇಟಾ ಇಲ್ಲದ, ಬರೀ ಮಾತು ಮತ್ತು ಎಸ್ಸೆಮ್ಮೆಸ್ ಇರುವ ಪ್ಲಾನು ಕೇಳಿದಾಗಲೂ ಹಾಗೇ. 2024ರ ಡಿಸೆಂಬರಿನಲ್ಲಿ ಟ್ರಾಯ್ ನಿಯಮ ಮಾಡಿದ ಮೇಲೆ ಅದೂ ಇದೆ. ಆದರೆ ಕೇಳಿದವರಿಗೆ ಮಾತ್ರ ಇದೆ. ಫೋನಿನಲ್ಲಿ ಇಂಟರ್ನೆಟ್ಟೇ ಬಾರದ ಎಷ್ಟು ಅಜ್ಜಿಯರು ದಿನಾ ಜಿಬಿ ಲೆಕ್ಕದಲ್ಲಿ ಡೇಟಾ ಕೊಂಡು ಚೆಲ್ಲುತ್ತಿದ್ದಾರೋ. ಅವರ ಮಕ್ಕಳಿಗೆ ಇದನ್ನು ನೋಡುವ ಪುರುಸೊತ್ತಿಲ್ಲ.

ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ಟಾರ್ಗೆಟ್ ಇರುತ್ತದೆ. ಚಿಕ್ಕಪ್ಪ ಹತ್ತು ಸಲ ಕೇಳಿದ್ದನ್ನೇ ಕೇಳಿದರೂ ಮುಖ ಗಂಟಿಕ್ಕಲಿಲ್ಲ. ಚಿಕ್ಕಪ್ಪ ಎಲ್ಲೂ ಒಪ್ಪದಿದ್ದಾಗ ಅವನೇ ಮೆಲ್ಲಗೆ ಹೇಳಿದ, "ಸಾರ್, ಈಗಲೇ ಪೋರ್ಟ್ ಮಾಡಿಸಬೇಡಿ. ಒಂದು ಹೊಸ ಸಿಮ್ ತಗೊಂಡು ಎರಡನೇ ಸ್ಲಾಟಿಗೆ ಹಾಕಿ ನೋಡಿ." ಅವತ್ತು ಅಲ್ಲಿ ಯಾರಾದರೂ ಆಡಿದ ಬುದ್ಧಿಯ ಮಾತು ಅಂದರೆ ಇದೊಂದೇ.

ಯಾಕೆಂದರೆ ಪೋರ್ಟ್ ಮಾಡುವುದು ಸುಲಭ, ತಕ್ಷಣ ಹಿಂದಿರುಗುವುದು ಆಗುವುದಿಲ್ಲ. PORT ಅಂತ ಬರೆದು, ಜಾಗ ಬಿಟ್ಟು, ನಂಬರ್ ಹಾಕಿ 1900ಕ್ಕೆ ಮೆಸೇಜ್ ಕಳಿಸಿದರೆ ಎಂಟು ಅಕ್ಷರದ ಕೋಡ್ ಬರುತ್ತದೆ. ನಮ್ಮ ಕಡೆ ಅದಕ್ಕೆ ನಾಲ್ಕು ದಿನದ ಆಯಸ್ಸು. ಪೋಸ್ಟ್‌ಪೇಯ್ಡ್ ಬಾಕಿ ಇದ್ದರೆ ಮೊದಲು ಕಟ್ಟಿರಬೇಕು. ಕರ್ನಾಟಕದೊಳಗೇ ಆದರೆ ಮೂರು ಕೆಲಸದ ದಿನದಲ್ಲಿ ಮುಗಿಯುತ್ತದೆ. ಆದರೆ ಹೊಸ ಕಂಪನಿಗೆ ಬಂದ ಮೇಲೆ 90 ದಿನ ಅಲ್ಲೇ ಇರಬೇಕು. ಸಿಮ್ ಕಳೆದು ಹೊಸದು ತಗೊಂಡಿದ್ದರೆ ಏಳು ದಿನ ಕೋಡೇ ಬರುವುದಿಲ್ಲ. ಕಳ್ಳರು ಬೇರೆಯವರ ನಂಬರಿನ ಸಿಮ್ ತೆಗೆಸಿ ಬ್ಯಾಂಕ್ ಖಾಲಿ ಮಾಡುತ್ತಿದ್ದರು ಅಂತ 2024ರ ಜುಲೈಯಿಂದ ತಂದ ನಿಯಮ ಅದು. ಬೇಕಾದದ್ದೇ.

2011ರ ಜನವರಿಗೆ ಮೊದಲು ನಮಗೆ ಇದೂ ಇರಲಿಲ್ಲ. ಕಂಪನಿ ಬಿಟ್ಟರೆ ನಂಬರೂ ಬಿಡಬೇಕಿತ್ತು. ಆಗ ಸುಲಭವಾಗಿ ಬಿಡುತ್ತಿದ್ದೆವು ಕೂಡ, ಬಂಧುಗಳಿಗೆಲ್ಲ "ನಂಬರ್ ಬದಲಾಗಿದೆ" ಅಂತ ಮೆಸೇಜ್ ಹಾಕಿದರೆ ಸಾಕಾಗುತ್ತಿತ್ತು. ಈಗ ಬಿಡುತ್ತೀರಾ? ಬ್ಯಾಂಕು, ಆಧಾರ್, ಗ್ಯಾಸು, ಪಿಂಚಣಿ, ಎಲ್ಲದರ ಓಟಿಪಿಯೂ ಅದಕ್ಕೇ ಬರಬೇಕು. ರೀಚಾರ್ಜ್ ಮಾಡದೆ ಬಹಳ ದಿನ ಬಿಟ್ಟರೆ ಆ ನಂಬರ್ ಇನ್ಯಾರಿಗೋ ಹೋಗುತ್ತದೆ. ನಾವು ಕಂಪನಿ ಬದಲಾಯಿಸಬಹುದು, ರೀಚಾರ್ಜ್ ನಿಲ್ಲಿಸುವ ಹಾಗಿಲ್ಲ. ನನ್ನ ಹಳೆಯ ಸಿಮ್ ಒಂದಕ್ಕೆ ಯಾರೂ ಫೋನ್ ಮಾಡುವುದಿಲ್ಲ, ನಾನೂ ಮಾಡುವುದಿಲ್ಲ. ಒಂದು ಬ್ಯಾಂಕ್ ಖಾತೆಗೆ ಅಂಟಿಕೊಂಡಿದೆ ಅಂತ ದುಡ್ಡು ಹಾಕುತ್ತಲೇ ಇದ್ದೇನೆ. ಇದಕ್ಕೆ ಯಾವ ಕಂಪನಿಯನ್ನು ಬೈಯಲಿ?

ಹೊಸ ಸಿಮ್ ಚಿಕ್ಕಪ್ಪನ ಫೋನಿನಲ್ಲಿದೆ. ಅಂಗಡಿ ಮುಂದೆ ಪೂರ್ತಿ ಕಡ್ಡಿ ಬರುತ್ತದೆ. ಮರಳು ಕಾಯಿಸಿ ಹುರಿಯುವ ಜಾಗದಲ್ಲಿ ಒಂದೋ ಎರಡೋ. ಹಿಂದೆ, ಭತ್ತ ಬೇಯಿಸುವ ಕಡೆ, ಬಂದಂತೆ ಮಾಡಿ ಹೋಗುತ್ತದೆ. ನಿನ್ನೆ ನಾನು ಅಲ್ಲೇ ಇದ್ದಾಗ ಶೋರೂಮಿನ ಹುಡುಗ ಆ ನಂಬರಿಗೇ ಫೋನ್ ಮಾಡಿದ, ಪೋರ್ಟ್ ಯಾವಾಗ ಮಾಡೋಣ ಅಂತ. "ತಡಿಯಪ್ಪ" ಅಂದು ಚಿಕ್ಕಪ್ಪ ಫೋನ್ ಕಿವಿಗೆ ಹಿಡಿದೇ ಸೀದಾ ಹಿಂದಕ್ಕೆ ನಡೆದರು. ಸ್ಪೀಕರ್ ಹಾಕಿದರು.

"ಈಗ ಹೇಳಪ್ಪಾ, ಕೇಳಿಸ್ತಾ ಇದೆಯಾ?"

"ಹಲೋ? ಸಾರ್? ಹಲೋ?"