ಲ್ಯಾಪ್‌ಟಾಪ್ ವೈಫೈಗೆ ಹತ್ತಿತು, ಮಗನ ಮೀಟಿಂಗ್ ಕೆಟ್ಟಿತು

ಶಿವಮೊಗ್ಗದಲ್ಲಿ ಕಂಪ್ಯೂಟರ್ ರಿಪೇರಿ ಮಾಡ್ತಾ ಹದಿನಾಲ್ಕು ವರ್ಷ ಆಯಿತು. ಕಳೆದ ಮಳೆಗಾಲದಲ್ಲಿ ನಾನು ಮಾಡಿಕೊಂಡ ಒಂದು ಎಡವಟ್ಟಿನ ಕತೆ ಇದು.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಫೋನ್ ಮಾಡಿದರು. "ಹಳೇ ಲ್ಯಾಪ್‌ಟಾಪ್ ಒಂದಿದೆ ಮಾರಾಯ, ಮನೆ ವೈಫೈಗೆ ಹತ್ತಿಸಿಕೊಡು" ಅಂದರು. ಹೋಗಿ ನೋಡಿದರೆ 2004ರಲ್ಲಿ ಕೊಂಡದ್ದು. ವಿಂಡೋಸ್ ಎಕ್ಸ್‌ಪಿ. ಮಲೆನಾಡಿನ ತೇವಕ್ಕೆ ಯುಎಸ್‌ಬಿ ಕಿಂಡಿ ಎರಡೂ ಹಸಿರುಗಟ್ಟಿ ಹೋಗಿದ್ದವು. ಸಿಡಿ ಟ್ರೇ ಹೊರಗೆ ಬರಲ್ಲ. ಆದರೂ ಆನ್ ಆಗುತ್ತೆ!

ವೈಫೈ ಪಟ್ಟಿಯಲ್ಲಿ ಮನೆಯ ರೂಟರ್ ಹೆಸರು ಕಂಡಿತು. ಪಾಸ್‌ವರ್ಡ್ ಕೊಟ್ಟರೆ ಹತ್ತಲ್ಲ. ಇದು ನನಗೆ ಹೊಸದಲ್ಲ. ಈಗಿನ ರೂಟರ್‌ಗಳು ಡಬ್ಲ್ಯುಪಿಎ2 ಎಇಎಸ್ ಅನ್ನೋ ಬೀಗ ಹಾಕಿಕೊಂಡಿರುತ್ತವೆ. 11 ಎಂಬಿಪಿಎಸ್ ವೇಗದ ಕಾಲದ, ಆ ಲ್ಯಾಪ್‌ಟಾಪಿನ ವೈಫೈ ಕಾರ್ಡಿನ ಚಿಪ್‌ಗೆ ಎಇಎಸ್ ಮಾಡುವ ತಾಕತ್ತೇ ಇರಲಿಲ್ಲ. ಅದಕ್ಕೆ ಗೊತ್ತಿದ್ದುದು ಹಿಂದಿನ ಟಿಕೆಐಪಿ ಬೀಗ. ಸರಿ, ರೂಟರನ್ನೇ ಟಿಕೆಐಪಿಗೆ ಇಳಿಸಿದೆ. ತಕ್ಷಣ ಹತ್ತಿತು. ಯಜಮಾನರು ಖುಷಿಯಾದರು. ಕಡುಬು ತಿಂದು, ದುಡ್ಡು ಇಸಕೊಂಡು ಬೈಕ್ ಹತ್ತಿದೆ.

ಮರುದಿನ ಬೆಳಿಗ್ಗೆ ಅವರ ಮಗನ ಫೋನ್. ಮನೆಯಿಂದಲೇ ಬೆಂಗಳೂರಿನ ಕಂಪನಿ ಕೆಲಸ ಮಾಡುವ ಹುಡುಗ. "ಎಂತ ಮಾಡಿ ಹೋದ್ರಿ ಅಣ್ಣಾ? 100 ಎಂಬಿಪಿಎಸ್ ಪ್ಲಾನ್, 20 ದಾಟ್ತಿಲ್ಲ. ಮೀಟಿಂಗಲ್ಲಿ ನನ್ನ ಮುಖ ನಿಂತು ನಿಂತು ಹೋಗ್ತಿದೆ."

ಆಗ ತಲೆ ಚಚ್ಚಿಕೊಂಡೆ. ಟಿಕೆಐಪಿ ಹಾಕಿದರೆ ವೈಫೈ ಹಳೇ 54 ಎಂಬಿಪಿಎಸ್ ಮೇಲೆ ಏಳಲ್ಲ. ಕೈಗೆ ಸಿಗೋದು ಅದರ ಅರ್ಧಕ್ಕಿಂತ ಕಡಿಮೆ. ಬೀಗವೂ ಸಡಿಲ. ಒಂದು ಮುದಿ ಯಂತ್ರಕ್ಕೋಸ್ಕರ ಇಡೀ ಮನೆಯನ್ನು ಇಪ್ಪತ್ತು ವರ್ಷ ಹಿಂದಕ್ಕೆ ತಳ್ಳಿ ಬಂದಿದ್ದೆ. ಅದೂ ಮೈಕ್ರೋಸಾಫ್ಟ್ 2014ರ ಏಪ್ರಿಲ್‌ನಲ್ಲೇ ಕೈಬಿಟ್ಟ ಎಕ್ಸ್‌ಪಿಯನ್ನು ಇಂಟರ್ನೆಟ್ಟಿಗೆ ಬಿಟ್ಟು.

ಮತ್ತೆ ಅರವತ್ತು ಕಿಲೋಮೀಟರ್. ಗಾಜನೂರಿನಿಂದ ಮಂಡಗದ್ದೆವರೆಗೆ ಜಡಿಮಳೆ, ರೈನ್‌ಕೋಟಿನೊಳಗೂ ನೀರು. ಹೋದವನೇ ರೂಟರ್ ಮೊದಲಿನಂತೆ ಮಾಡಿದೆ. ಆಮೇಲೆ ನಿನ್ನೆಯೇ ಕೇಳಬೇಕಿದ್ದ ಮಾತು ಕೇಳಿದೆ: "ಯಜಮಾನ್ರೇ, ಇದರೊಳಗಿಂದ ನಿಮಗೆ ಏನು ಬೇಕು?"

"ತೋಟದ ಲೆಕ್ಕ ಕಣೋ. ಅಣ್ಣತಮ್ಮಂದಿರ ಪಾಲಿನ ಮಾತು ನಡೀತಿದೆ. ಅದನ್ನ ಮಗನ ಕಂಪ್ಯೂಟರಿಗೆ ಹಾಕಬೇಕು."

ಅಷ್ಟೇ! ಅವರಿಗೆ ಇಂಟರ್ನೆಟ್ ಬೇಕಾಗಿಯೇ ಇರಲಿಲ್ಲ. ಹಾರ್ಡ್ ಡಿಸ್ಕ್ ಬಿಚ್ಚಿ ತೆಗೀಲಾ ಅಂದೆ. "ಬಿಚ್ಚೋದು ಬೇಡ" ಅಂದರು.

ಯುಎಸ್‌ಬಿ ಕಿಂಡಿ ಸತ್ತಿದ್ದರಿಂದ ಪೆನ್‌ಡ್ರೈವೂ ಆಗಲ್ಲ. ಹಾಗಾದರೆ ಕೇಬಲ್. ಲ್ಯಾಪ್‌ಟಾಪಿನ ಲ್ಯಾನ್ ಕಿಂಡಿ, ಅಂದರೆ ನೆಟ್‌ವರ್ಕ್ ತಂತಿ ಚುಚ್ಚೋ ಜಾಗ, ಚೆನ್ನಾಗಿತ್ತು. ಮನೆಯಲ್ಲಿದ್ದ ತಂತಿಯ ಪ್ಲಗ್ಗಿನ ಪ್ಲಾಸ್ಟಿಕ್ ನಾಲಿಗೆ ಮುರಿದಿತ್ತು. ಒತ್ತಿ ಹಿಡಿದರೆ ಹಸಿರು ದೀಪ, ಬಿಟ್ಟರೆ ಇಲ್ಲ. ತುದಿ ಕತ್ತರಿಸಿ ಹೊಸ ಪ್ಲಗ್ ಒತ್ತಿ ಕೂರಿಸಿದೆ. ಒಳಗಿನ ಎಂಟು ಎಳೆಗಳನ್ನು ಬಣ್ಣದ ಸಾಲಿನಲ್ಲೇ ಜೋಡಿಸಬೇಕು: ಕೇಸರಿಬಿಳಿ, ಕೇಸರಿ, ಹಸಿರುಬಿಳಿ, ನೀಲಿ, ನೀಲಿಬಿಳಿ, ಹಸಿರು, ಕಂದುಬಿಳಿ, ಕಂದು. ಈ ಸಾಲು ನನಗೆ ಮಗ್ಗಿ ಥರ ಬಾಯಿಗೆ ಬರುತ್ತೆ. ರೂಟರ್ ಗೊಡವೆಯೇ ಬೇಡ ಅಂತ ಎರಡೂ ಕಂಪ್ಯೂಟರಿಗೆ ನೇರ ತಂತಿ ಎಳೆದೆ. ಒಂದನ್ನೊಂದು ಗುರುತಿಸಲಿ ಅಂತ ಇದಕ್ಕೆ 192.168.10.1, ಅದಕ್ಕೆ 192.168.10.2 ಅಂತ ಕೈಯಾರೆ ವಿಳಾಸದ ನಂಬರ್ ಕೊಟ್ಟೆ.

ಎಕ್ಸ್‌ಪಿಗೆ ಫೈಲ್ ಹಂಚಿಕೊಳ್ಳೋಕೆ ಗೊತ್ತಿರೋದು ಎಸ್‌ಎಂಬಿ1 ಭಾಷೆ ಒಂದೇ. 2017ರಲ್ಲಿ ವನ್ನಾಕ್ರೈ ವೈರಸ್ ನುಗ್ಗಿದ್ದು ಆ ದಾರಿಯಿಂದಲೇ, ಹಾಗಾಗಿ ಈಗಿನ ವಿಂಡೋಸ್ ಅದನ್ನು ಮುಚ್ಚಿಟ್ಟಿರುತ್ತೆ. ಆ ಬಾಗಿಲು ತೆಗೆಯಲು ಹೋಗಲಿಲ್ಲ, ರೂಟರಿನ ಬೀಗ ಸಡಿಲಿಸಿ ಒಂದು ಸಲ ಪಟ್ಟದ್ದೇ ಸಾಕಾಗಿತ್ತು. ಹುಡುಗನ ಕಂಪ್ಯೂಟರಿನಲ್ಲಿ ಫೈಲ್ ಕಳಿಸಿದ್ದನ್ನು ಇಸಕೊಳ್ಳೋ ಪುಟ್ಟ ಎಫ್‌ಟಿಪಿ ಸರ್ವರ್ ಹಾಕಿ, ಹೊರಗಿನವರನ್ನು ತಡೆಯೋ ಫೈರ್‌ವಾಲಿನಲ್ಲಿ ಅದಕ್ಕಷ್ಟೇ ಜಾಗ ಬಿಟ್ಟು, ಮೊದಲ ಫೋಲ್ಡರ್ ಕಳಿಸಿದೆ.

ಯಜಮಾನರು ಕನ್ನಡಕ ಏರಿಸಿ ನೋಡಿದರು. "ಎಲ್ಲಾ ಇವತ್ತೇ ಬರೆದ ಹಾಗೆ ತೋರಿಸ್ತದಲ್ಲ?"

ನಾನು ಗಮನಿಸಿರಲಿಲ್ಲ. ಹೀಗೆ ಕಳಿಸಿದರೆ ಫೈಲಿಗೆ ಬಂದು ಸೇರಿದ ದಿನದ ತಾರೀಖು ಬೀಳುತ್ತೆ. ಪಾಲಿನ ಪಂಚಾಯ್ತಿಗೆ 2006ರ ಲೆಕ್ಕ ಇವತ್ತಿನ ತಾರೀಖಲ್ಲಿ ಹೋದರೆ ಯಾರು ನಂಬ್ತಾರೆ, ಅಲ್ವಾ? ಕಳಿಸಿದ್ದನ್ನು ಅಳಿಸಿದೆ. ಹಳೇ ಲ್ಯಾಪ್‌ಟಾಪಿನಲ್ಲೇ ಒಂದೊಂದು ಫೋಲ್ಡರನ್ನೂ ಜಿಪ್ ಮಾಡಿ, ಅಂದರೆ ಒಂದೇ ಗಂಟು ಕಟ್ಟಿ, ಕಳಿಸಿದೆ. ಹುಡುಗನ ಕಂಪ್ಯೂಟರಿನಲ್ಲಿ ಬಿಚ್ಚಿದಾಗ ಹಳೇ ತಾರೀಖು ಹಾಗೇ ಇತ್ತು. ಜಿಪ್ ಆಗೋಕೇ ಒಂದೂವರೆ ಗಂಟೆ, ಮಧ್ಯೆ ಎರಡು ಸಲ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಎಂದೋ ಸತ್ತಿತ್ತು. ಪುಣ್ಯಕ್ಕೆ ಮನೆಯಲ್ಲಿ ಯುಪಿಎಸ್ ಇತ್ತು.

ಫೈಲ್ ತೆರೆದರೆ ಬರೀ ಇಂಗ್ಲಿಷ್ ಅಕ್ಷರ, ತಲೆ ಮೇಲೆ ಚುಕ್ಕಿ, ಗೀಟು. ಯಜಮಾನರ ಮುಖ ಬಾಡಿತು. ನನಗೆ ಭಯ ಆಗಲಿಲ್ಲ, ಇದು 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ್ದು, ಅದರ ಫಾಂಟ್ ಇಲ್ಲದಿದ್ದರೆ ಹೀಗೇ ಕಾಣುತ್ತೆ. ಹಳೇ ಲ್ಯಾಪ್‌ಟಾಪಿನ ಫಾಂಟ್ಸ್ ಫೋಲ್ಡರಿನಿಂದ ನುಡಿ ಫಾಂಟ್ ತಂದು ಹಾಕಿದೆ. ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ಅಡಿಕೆಯ ಬಗೆಗಳ ಕಾಲಂಗಳು ಎದ್ದು ನಿಂತವು. ಕೊನೆಯ ಕಾಲಂ, ಕೊಳೆರೋಗದ ಔಷಧಿ ಹೊಡೆದ ಕೂಲಿ.

ಹೊರಡುವಾಗ ಹುಡುಗ ಸ್ಪೀಡ್ ನೋಡಿ ಹೆಬ್ಬೆರಳು ಎತ್ತಿದ. ಎರಡನೇ ಸಲದ ಪೆಟ್ರೋಲನ್ನು ಬಿಲ್ಲಿಗೆ ಹಾಕಲಿಲ್ಲ.